ಹೊಲಿಗೆಯಿಲ್ಲದ ಹಂಗೇರಿಯ ನೆಮೆಜ್ ಟೋಪಿ: ಉಣ್ಣೆ ಆರಿಸುವುದರಿಂದ ಅಚ್ಚಿಗೇರಿಸುವವರೆಗೆ

ಹಂಗೇರಿಯ ಕುರುಬರ ಉಣ್ಣೆ ಟೋಪಿಯನ್ನು ಮನೆಯಲ್ಲೇ ಮಾಡಲು ಹೊರಟವರು ಹೆಚ್ಚಾಗಿ ಮೂರು ಕಡೆ ಎಡವುತ್ತಾರೆ. ಟೋಪಿ ಮಗುವಿನ ತಲೆಗೂ ಹಿಡಿಯದಷ್ಟು ಚಿಕ್ಕದಾಗುತ್ತದೆ; ಇಲ್ಲವೇ ಎರಡೂ ಬದಿಯ ಅಂಚಿನಲ್ಲಿ ಬದುವಿನಂತೆ ಒಂದು ಏಣು ಎದ್ದು ನಿಲ್ಲುತ್ತದೆ; ಅದೂ ಅಲ್ಲವಾದರೆ, ಹೊರಗಿನಿಂದ ಗಟ್ಟಿಯಾಗಿ ಕಂಡದ್ದು ನಾಲ್ಕು ದಿನ ಹಾಕಿಕೊಂಡ ಮೇಲೆ ಈರುಳ್ಳಿಯಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಈ ಮೂರು ದೋಷಗಳೂ ಕಣ್ಣಿಗೆ ಬೀಳುವುದು ಕೊನೆಯ ಹಂತದಲ್ಲಾದರೂ, ಮೊದಲ ಎರಡು ಹುಟ್ಟುವುದು ಉಣ್ಣೆಯನ್ನು ಉಜ್ಜಲು ಕೈಹಾಕುವ ಮೊದಲೇ, ಮೂರನೆಯದು ಉಜ್ಜಲು ತೊಡಗಿದ ಮೊದಲ ನಿಮಿಷಗಳಲ್ಲೇ. ಆದ್ದರಿಂದ ಈ ಬರಹದಲ್ಲಿ ಅಳತೆಗೆ ಮತ್ತು ಉಣ್ಣೆ ಹಾಸುವ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಎಲ್ಲರೂ ಚಿತ್ರ ತೆಗೆದು ಹಾಕುವ ಉಜ್ಜುವಿಕೆ, ಉರುಳಿಸುವಿಕೆಗೆ ಅದಕ್ಕಿಂತ ಕಡಿಮೆ.

ಮೊದಲು ತಿಳಿದಿರಬೇಕಾದದ್ದು: ಯಾವುದು ನೆಮೆಜ್, ಯಾವುದು ಅಲ್ಲ

ಉಣ್ಣೆಯನ್ನು ನೇಯದೆ, ಎಳೆಗಳನ್ನೇ ಒತ್ತಿ ಹೆಣೆದು ಗಟ್ಟಿಮಾಡಿದ ಬಟ್ಟೆಯೇ ಫೆಲ್ಟ್; ಹಂಗೇರಿಯ ಭಾಷೆಯಲ್ಲಿ ಅದಕ್ಕೆ ನೆಮೆಜ್ ಎನ್ನುತ್ತಾರೆ. ಇದು ಇರಾನಿ ಮೂಲದ ಪದವೆಂದು ಭಾಷಾತಜ್ಞರು ಹೇಳುತ್ತಾರೆ. ಕಾಶ್ಮೀರದ ಫೆಲ್ಟ್ ನೆಲಹಾಸಿನ ನಮ್ದಾ ಎಂಬ ಹೆಸರೂ ಅದೇ ಕುಲದ್ದು. ನಮ್ಮ ಕಂಬಳಿಯಲ್ಲಿ ಉಣ್ಣೆಯನ್ನು ಮೊದಲು ನೂಲಾಗಿಸಿ ಆಮೇಲೆ ಮಗ್ಗದಲ್ಲಿ ನೇಯುತ್ತಾರೆ. ನೆಮೆಜಿನಲ್ಲಿ ನೂಲೂ ಇಲ್ಲ, ಹಾಸುಹೊಕ್ಕೂ ಇಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪೊರೆಗಳಿರುತ್ತವೆ. ಬಿಸಿನೀರು, ಸೋಪು ಮತ್ತು ಒತ್ತಡ ಒಟ್ಟಿಗೆ ಸೇರಿದಾಗ ಎಳೆಗಳು ತಮ್ಮ ಬುಡದ ದಿಕ್ಕಿಗೆ ಮಾತ್ರ ಜರುಗಬಲ್ಲವು, ಹಿಂದಕ್ಕೆ ಬರಲಾರವು. ಹೀಗೆ ಒಂದಕ್ಕೊಂದು ಸಿಕ್ಕಿಕೊಂಡು ಜಡೆಗಟ್ಟುತ್ತವೆ. ಜಡೆಗಟ್ಟಿದ್ದನ್ನು ಬಿಡಿಸಲು ಬರುವುದಿಲ್ಲ ಎಂಬುದೇ ಈ ಕಸುಬಿನ ಬಲ, ಅದರ ಅಪಾಯವೂ ಅದೇ.

ಚಿತ್ರ ನೋಡಿ ಮಾದರಿ ಆರಿಸುವವರು ಇಲ್ಲಿಯೇ ಮೊದಲ ತಪ್ಪು ಮಾಡುತ್ತಾರೆ. ಹಂಗೇರಿಯ ಕುರುಬರ ಪ್ರಸಿದ್ಧ ನಿಲುವಂಗಿಯಾದ ಸೂರ್, ಮತ್ತು ಅದರ ಅಲಂಕೃತ ರೂಪವಾದ ತ್ಸಿಫ್ರಸೂರ್, ನೋಡಲು ಫೆಲ್ಟಿನಂತೆಯೇ ಇರುತ್ತದೆ. ಆದರೆ ಅದು ನೇಯ್ದ ಉಣ್ಣೆ ಬಟ್ಟೆ. ನೀರಿನ ಚಕ್ರದಿಂದ ನಡೆಯುವ, ಕಲ್ಲೋ ಎಂಬ ಗಿರಣಿಯಲ್ಲಿ ಕುಟ್ಟಿಸಿ ದಟ್ಟ ಮಾಡಿದ್ದು. ಗುಬ ಎಂಬ ಮೇಲಂಗಿ ಉದ್ದ ಕುಚ್ಚುಗಳನ್ನು ಸೇರಿಸಿ ನೇಯ್ದದ್ದು. ಶುಬ ಎಂಬ ಮೇಲಂಗಿ ಕುರಿಯ ಚರ್ಮದ್ದು. ಈ ಮೂರನ್ನು ನೋಡಿಕೊಂಡು ಫೆಲ್ಟ್ ಮಾಡಲು ಹೋದರೆ ಉಡುಪು ಎಂದೂ ಆ ರೂಪಕ್ಕೆ ಬರುವುದಿಲ್ಲ. ಹಾಸಿದ ಉಣ್ಣೆಯಿಂದ ನೇರವಾಗಿ ಮಾಡಬಹುದಾದದ್ದು ಟೋಪಿ. ನಾವಿಲ್ಲಿ ಮಾಡಲಿರುವುದು ಶ್ಯುವೆಗ್, ಅಂದರೆ ಅಂಚಿನ ಪಟ್ಟಿಯಿಲ್ಲದ, ತುಸು ಎತ್ತರವಾದ, ಮೇಲಕ್ಕೆ ಹೋದಂತೆ ಕಿರಿದಾಗುವ ಟೋಪಿ. ಹಂಗೇರಿಯನ್ನರು ಶಂಕುವಿನಾಕಾರದ ಸಕ್ಕರೆ ಗಟ್ಟಿಗೂ ‘ಶ್ಯುವೆಗ್ ಸಕ್ಕರೆ’ ಎಂದೇ ಹೇಳುವುದರಿಂದ, ಆಕಾರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಬೇಕಾಗುವ ಸಾಮಗ್ರಿ

ತೊಳೆದು ಹಿಂಜಿದ ಉಣ್ಣೆ ಟೋಪಿಗೆ 90 ಗ್ರಾಂ, ಉಣ್ಣೆ ಎಷ್ಟು ಕುಗ್ಗುತ್ತದೆಂದು ತಿಳಿಯಲು ಮೊದಲೇ ಮಾಡುವ ಪರೀಕ್ಷಾ ತುಂಡಿಗೆ 13 ಗ್ರಾಂ, ಚಿತ್ತಾರಕ್ಕೆ ಬೇರೆ ಬಣ್ಣದ್ದು 15 ಗ್ರಾಂ ಬೇಕು. ಇವನ್ನು ತೂಗಲು ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಇರಲೇಬೇಕು. ಕಣ್ಣಂದಾಜಿನಲ್ಲಿ ತೂಗುವವರ ಟೋಪಿಯಲ್ಲಿ ಒಂದು ಕಡೆ ತೂತು, ಇನ್ನೊಂದು ಕಡೆ ಮುದ್ದೆ ತಪ್ಪಿದ್ದಲ್ಲ.

ಉರುಳಿಸಲು ಹಂಗೇರಿಯವರು ಜೊಂಡಿನ ಚಾಪೆ ಬಳಸುತ್ತಾರೆ. ನಮ್ಮಲ್ಲಿ ಸಿಗುವ ಜೊಂಡಿನ ಚಾಪೆ ಅಥವಾ ಕಿಟಕಿಗೆ ಹಾಕುವ ಬಿದಿರು ಕಡ್ಡಿಯ ಪರದೆ ಅದೇ ಕೆಲಸಕ್ಕೆ ಬರುತ್ತದೆ. ನುಣುಪಾದ ಪ್ಲಾಸ್ಟಿಕ್ ಚಾಪೆ ಮಾತ್ರ ಬೇಡ, ಏಕೆಂದರೆ ಚಾಪೆಯ ಏರಿಳಿತವೇ ಉಣ್ಣೆಯನ್ನು ಕೆಣಕುವುದು. ಇವುಗಳ ಜೊತೆಗೆ ಒಂದು ಕೋಲು, ಸೊಳ್ಳೆಪರದೆಯ ನೈಲಾನ್ ಬಟ್ಟೆಯ ಒಂದು ತುಂಡು, 2ರಿಂದ 3 ಮಿಲಿಮೀಟರ್ ದಪ್ಪದ ಮೆತ್ತನೆಯ ಪ್ಲಾಸ್ಟಿಕ್ ಅಥವಾ ಫೋಮ್ ಹಾಳೆ, ಅಳತೆ ಟೇಪು, ಕತ್ತರಿ, ಎರಡು ಹಳೆಯ ಟವೆಲ್, ವಿನೆಗರ್, ಮತ್ತು ನಿಮ್ಮ ತಲೆಯ ಸುತ್ತಳತೆಗೆ ಸರಿಹೊಂದುವ ಮರದ ಅಚ್ಚು ಅಥವಾ ಬೋರಲು ಹಾಕಬಹುದಾದ ಉರುಟು ತಳದ ಪಾತ್ರೆ ಸಿದ್ಧವಿರಲಿ.

ಎಣ್ಣೆಯಿಂದ ಮಾಡಿದ ಸಾದಾ ಸೋಪನ್ನು ತುರಿದು, ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚದಂತೆ ಕರಗಿಸಿಕೊಳ್ಳಿ. ಬಟ್ಟೆ ತೊಳೆಯುವ ಪುಡಿಯ ನೊರೆ ವಿಪರೀತ, ಜಾರಿಕೆ ಕಡಿಮೆ. ಅಂಟುವಾಳವನ್ನು ಸೂಚಿಸುವವರಿದ್ದಾರೆ, ಅದು ಉಣ್ಣೆ ತೊಳೆಯಲು ಒಳ್ಳೆಯದು, ಆದರೆ ಅದರ ನೀರು ಸ್ವಲ್ಪ ಆಮ್ಲೀಯವಾಗಿರುವುದರಿಂದ ಸೋಪಿನ ಜಾಗದಲ್ಲಿ ನಾನು ಅದನ್ನು ಬಳಸುವುದಿಲ್ಲ. ನಮ್ಮ ಕಡೆಯ ಕೊಳವೆಬಾವಿಗಳ ಗಡಸು ನೀರು ಮತ್ತೊಂದು ತೊಂದರೆ. ಅದರಲ್ಲಿ ಸೋಪು ಒಡೆದು ಬೂದು ಬಣ್ಣದ ಜಿಡ್ಡಾಗಿ ಎಳೆಗಳ ನಡುವೆ ಕೂರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಮಳೆನೀರು ಅಥವಾ ಶುದ್ಧೀಕರಿಸಿದ ನೀರು ನಾಲ್ಕು ಲೀಟರ್ ತೆಗೆದಿಟ್ಟುಕೊಂಡರೆ ಸಾಕು.

ಹಂತ 1: ಉಣ್ಣೆಯ ಆಯ್ಕೆ

ಮೊದಲು ಅದು ನಿಜವಾಗಿಯೂ ಉಣ್ಣೆಯೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವ ಬಹಳಷ್ಟು ದಾರ ಅಕ್ರಿಲಿಕ್. ಒಂದು ಎಳೆಗೆ ಬೆಂಕಿ ತಾಗಿಸಿದಾಗ ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ನಿಜವಾದ ಉಣ್ಣೆಯಲ್ಲೂ ‘ಸೂಪರ್‌ವಾಷ್’ ಎಂದು ಬರೆದದ್ದನ್ನು ಮುಟ್ಟಬೇಡಿ. ಅದು ಯಂತ್ರದಲ್ಲಿ ತೊಳೆದರೂ ಕುಗ್ಗದಂತೆ ಸಂಸ್ಕರಿಸಿದ ಉಣ್ಣೆ; ನೀವು ದಿನವಿಡೀ ಉಜ್ಜಿದರೂ ಅದು ಜಡೆಗಟ್ಟುವುದಿಲ್ಲ.

ಹಂಗೇರಿಯ ಮಹಾಬಯಲಿನ, ವಿಶೇಷವಾಗಿ ಹೋರ್ತೋಬಾಜ್ ಹುಲ್ಲುಗಾವಲಿನ ಗುರುತೆಂದರೆ ರಾಟ್ಸ್ಕಾ ಕುರಿ. ಗಂಡು ಹೆಣ್ಣು ಎರಡಕ್ಕೂ ತಿರುಪಿನಂತೆ ಸುತ್ತಿದ ಉದ್ದ ಕೊಂಬುಗಳಿದ್ದು, ಬಿಳಿ ಮತ್ತು ಕಪ್ಪು ಎಂಬ ಎರಡು ಬಣ್ಣಗಳಲ್ಲಿ ಸಿಗುವ ಈ ಕುರಿಯ ತುಪ್ಪಟದಲ್ಲಿ ಎರಡು ಬಗೆಯ ಎಳೆಗಳು ಬೆರೆತಿರುತ್ತವೆ: ಹೊರಗೆ ಉದ್ದವಾದ ಒರಟು ಕೂದಲು, ಒಳಗೆ ಗಿಡ್ಡವಾದ ಮೃದು ಉಣ್ಣೆ. ‘ಸಾಂಪ್ರದಾಯಿಕ’ ಎಂಬ ಮಾತಿಗೆ ಮರುಳಾಗಿ ಇಡೀ ರಾಟ್ಸ್ಕಾ ಉಣ್ಣೆಯಲ್ಲಿ ಮೊದಲ ಟೋಪಿ ಮಾಡುವುದು ದೊಡ್ಡ ತಪ್ಪು. ಉದ್ದ ಕೂದಲು ಸುಲಭವಾಗಿ ಹೆಣೆದುಕೊಳ್ಳದೆ ಮೇಲೆ ಚಾಚಿಕೊಂಡು ನಿಲ್ಲುತ್ತದೆ, ಹಣೆಗೆ ಚುಚ್ಚುತ್ತದೆ. ತುಪ್ಪಟದ ಒಂದು ಜೊಂಪೆಯ ತುದಿಯನ್ನು ಹಿಡಿದು ಬುಡದ ಕಡೆಯ ಮೃದು ಉಣ್ಣೆಯನ್ನು ಎಳೆದುಕೊಂಡರೆ ಎರಡೂ ಬೇರೆಯಾಗುತ್ತವೆ; ಟೋಪಿಗೆ ಒಳ ಉಣ್ಣೆ, ದಪ್ಪ ನೆಲಹಾಸಿಗೆ ಉಳಿದದ್ದು. ಕಪ್ಪು ರಾಟ್ಸ್ಕಾದ ತುದಿಗಳು ಬಿಸಿಲಿಗೆ ಕೆಂಗಂದು ಬಣ್ಣಕ್ಕೆ ತಿರುಗಿರುತ್ತವೆ, ಅದು ಕಲೆಯಲ್ಲ.

ರಾಟ್ಸ್ಕಾ ಸಿಗದವರಿಗೆ ಮೆರಿನೊ ಆಗಬಹುದು. ಹಂಗೇರಿಯಲ್ಲಿಯೂ ಇಂದು ಹೆಚ್ಚಾಗಿ ಸಾಕುವುದು ಮೆರಿನೊ ತಳಿಯನ್ನೇ. ದಖನಿ ಕುರಿಯ ಉಣ್ಣೆ ಬಳಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಕಂಬಳಿಗೆ ಹೇಳಿ ಮಾಡಿಸಿದ ಆ ಒರಟು, ಕೂದಲು ಬೆರೆತ ಉಣ್ಣೆಯನ್ನು ಮೊದಲ ಟೋಪಿಗೆ ತರಬೇಡಿ. ಎರಡು ಪಾಲು ಮೆರಿನೊಗೆ ಒಂದು ಪಾಲು ಸೇರಿಸಿ ಒಂದು ಪರೀಕ್ಷಾ ತುಂಡು ಮಾಡಿ ನೋಡಿ, ಆಮೇಲೆ ತೀರ್ಮಾನಿಸಿ.

ಹಂತ 2: ತೊಳೆಯುವುದು ಮತ್ತು ಹಿಂಜುವುದು

ಹಿಂಜಿದ ಉಣ್ಣೆಯನ್ನೇ ಕೊಂಡವರು ಈ ಹಂತವನ್ನು ಬಿಡಬಹುದು. ಕತ್ತರಿಸಿದ ತುಪ್ಪಟವನ್ನೇ ತಂದವರು, ಅದರ ಜಿಡ್ಡು ಕರಗಲು ಸುಮಾರು 40 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕೆಂಬುದನ್ನು ನೆನಪಿಡಬೇಕು. ಬಲೆಯ ಚೀಲದಲ್ಲಿ ತುಂಬಿ, ಸೋಪು ಬೆರೆಸಿದ 60 ಡಿಗ್ರಿ ಬಿಸಿನೀರಿನಲ್ಲಿ 15 ನಿಮಿಷ ಮುಳುಗಿಸಿಡಿ. ಕಲಕಬೇಡಿ, ಹಿಂಡಬೇಡಿ, ಮೇಲಿನಿಂದ ನಲ್ಲಿ ನೀರು ಬಿಡಬೇಡಿ. ಈ ಮೂರರಲ್ಲಿ ಯಾವುದನ್ನು ಮಾಡಿದರೂ ಟೋಪಿಯಾಗಬೇಕಿದ್ದದ್ದು ಬಕೆಟ್ಟಿನಲ್ಲೇ ಮುದ್ದೆಯಾಗುತ್ತದೆ. ನೀರು ತಣ್ಣಗಾಗುವ ಮೊದಲೇ ಚೀಲವನ್ನು ಎತ್ತದಿದ್ದರೆ ಕರಗಿದ ಜಿಡ್ಡು ಮತ್ತೆ ಎಳೆಗಳಿಗೇ ಅಂಟುತ್ತದೆ. ಹೀಗೆ ಎರಡು ಸಲ ತೊಳೆದು, ಅಷ್ಟೇ ಬಿಸಿಯ ಸಾದಾ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಹರವಿ. ತೂಕದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕಡಿಮೆಯಾಗುತ್ತದೆ, ಕೊಳ್ಳುವಾಗಲೇ ಅದನ್ನು ಲೆಕ್ಕ ಹಾಕಿಕೊಳ್ಳಿ.

ಒಣಗಿದ ಉಣ್ಣೆಯನ್ನು ಹಿಂಜುವ ಬ್ರಷ್ ಜೋಡಿಯಿಂದ ಬಿಡಿಸಿ. ಯುರೋಪಿನ ಟೋಪಿ ಕಸುಬಿನವರು ಹಿಂದೆ ಇದಕ್ಕೆ ಬಿಲ್ಲನ್ನು ಬಳಸುತ್ತಿದ್ದರು. ನಮ್ಮ ಪಿಂಜಾರರು ಹತ್ತಿ ಹಿಂಜುವ ಬಿಲ್ಲನ್ನು ನೋಡಿದವರಿಗೆ ಅದರ ಕೆಲಸವನ್ನು ವಿವರಿಸಬೇಕಾಗಿಲ್ಲ. ಬೆಳಕಿಗೆ ಹಿಡಿದಾಗ ಗಂಟು, ಹುಲ್ಲಿನ ಚೂರು ಕಾಣದಿದ್ದರೆ ಹದವಾಯಿತೆಂದು ತಿಳಿಯಬಹುದು. ಗಂಟುಗಳು ಉಜ್ಜುವಾಗ ಬಿಡಿಸಿಕೊಳ್ಳುತ್ತವೆ ಎಂದು ಕಾಯುವವರು ಕೊನೆಗೆ ಮೊಡವೆ ಎದ್ದಂಥ ಟೋಪಿಯನ್ನು ತಲೆಗೆ ಹಾಕಿಕೊಳ್ಳುತ್ತಾರೆ.

ಹಂತ 3: ಪರೀಕ್ಷಾ ತುಂಡು

ಇದನ್ನು ಬಿಡಬೇಡಿ ಎಂದು ಹೇಳಿದರೂ ಹತ್ತರಲ್ಲಿ ಎಂಟು ಜನ ಬಿಡುತ್ತಾರೆ. ನಾನೂ ಬಿಟ್ಟಿದ್ದೆ, ನನ್ನ ಮೊದಲ ಎರಡು ಟೋಪಿಗಳು ಈಗ ಟೀಪಾಟಿನ ಮೇಲೆ ಕೂತಿವೆ.

ಚಾಪೆಯ ಮೇಲೆ 20 ಸೆಂಟಿಮೀಟರ್ ಚೌಕದಲ್ಲಿ 13 ಗ್ರಾಂ ಉಣ್ಣೆಯನ್ನು ಮೂರು ಪದರವಾಗಿ ಹಾಸಿ. ಒಂದು ಪದರದ ಎಳೆಗಳು ಅಡ್ಡಕ್ಕೆ, ಮುಂದಿನದು ಉದ್ದಕ್ಕೆ, ಮತ್ತೆ ಅಡ್ಡಕ್ಕೆ ಇರಲಿ. ಟೋಪಿಗೆ ಮುಂದೆ ಏನೇನು ಮಾಡುತ್ತೀರೋ ಅದೆಲ್ಲವನ್ನೂ ಈ ತುಂಡಿಗೂ ಮಾಡಿ, ಅಂದರೆ ಹಂತ 6ರಿಂದ 9ರವರೆಗೆ ಪೂರ್ತಿಯಾಗಿ. ಇನ್ನು ಕುಗ್ಗುವುದಿಲ್ಲ ಎನ್ನುವವರೆಗೆ ಹೋಗಿ, ಒಣಗಿಸಿ, ಅಳೆಯಿರಿ. ಅರ್ಧಕ್ಕೆ ನಿಲ್ಲಿಸಿದ ಪರೀಕ್ಷಾ ತುಂಡು, ಇಲ್ಲದ ಪರೀಕ್ಷಾ ತುಂಡಿಗಿಂತ ಹೆಚ್ಚು ಮೋಸ ಮಾಡುತ್ತದೆ.

20 ಸೆಂಟಿಮೀಟರ್ ಇದ್ದದ್ದು 13ಕ್ಕೆ ಬಂದರೆ, ಉಳಿದದ್ದು ನೂರಕ್ಕೆ 65 ಭಾಗ, ಕುಗ್ಗಿದ್ದು 35 ಭಾಗ. ಒಂದು ಎಚ್ಚರಿಕೆಯೆಂದರೆ, ಇಲ್ಲಿ ಹೇಳಿದ ಸಂಖ್ಯೆಯನ್ನೇ ನಕಲು ಮಾಡಬಾರದು. ತಳಿ ಬೇರೆಯಾದರೆ ಕುಗ್ಗುವ ಪ್ರಮಾಣ ಬೇರೆ. ಅದೇ ಉಣ್ಣೆಯನ್ನು ತೆಳುವಾಗಿ ಹಾಸಿದರೆ ಹೆಚ್ಚು ಕುಗ್ಗುತ್ತದೆ, ದಪ್ಪವಾಗಿ ಹಾಸಿದರೆ ಕಡಿಮೆ. ಉದ್ದ ಅಗಲಗಳು ಬೇರೆ ಬೇರೆಯಾಗಿ ಕುಗ್ಗಿದ್ದರೆ ಎರಡನ್ನೂ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ.

ಹಂತ 4: ಪಡಿಯಚ್ಚು ಕತ್ತರಿಸುವುದು

ಟೋಪಿಯ ಎರಡು ಬದಿಗಳು ಒಂದಕ್ಕೊಂದು ಅಂಟದಂತೆ ನಡುವೆ ಇಡುವ ಪ್ಲಾಸ್ಟಿಕ್ ಹಾಳೆಗೆ ಇಲ್ಲಿ ಪಡಿಯಚ್ಚು ಎನ್ನೋಣ. ತಲೆಯ ಸುತ್ತಳತೆ 57 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಚಪ್ಪಟೆಯಾಗಿ ಮಲಗಿಸಿದಾಗ ಟೋಪಿಯ ಅಗಲ ಅದರ ಅರ್ಧ, 28.5. ಇದನ್ನು 0.65ರಿಂದ ಭಾಗಿಸಿದರೆ ಸುಮಾರು 44 ಬರುತ್ತದೆ. ಟೋಪಿಯ ಎತ್ತರ 24 ಬೇಕಾದರೆ, 24ನ್ನು 0.65ರಿಂದ ಭಾಗಿಸಿ 37. ಹೀಗೆ ಪಡಿಯಚ್ಚಿನ ಬುಡ 44, ಎತ್ತರ 37 ಸೆಂಟಿಮೀಟರ್.

ಇಲ್ಲಿ ಬಹಳ ಜನ ಮಾಡುವ ತಪ್ಪು ಗಣಿತದ್ದು. ‘35 ಭಾಗ ಕುಗ್ಗುತ್ತದೆ, ಆದ್ದರಿಂದ 35 ಭಾಗ ಸೇರಿಸೋಣ’ ಎಂದು 28.5ಕ್ಕೆ ಅದರ ನೂರಕ್ಕೆ 35 ಕೂಡಿಸಿದರೆ ಸಿಗುವುದು ಸುಮಾರು 38.5 ಮಾತ್ರ. ಅದು ಕುಗ್ಗಿ 25ಕ್ಕೆ ಬಂದಾಗ ಸುತ್ತಳತೆ 50 ಆಗಿರುತ್ತದೆ. ಟೋಪಿ ಚಿಕ್ಕದಾಯಿತೆಂದು ದೂರುವವರಲ್ಲಿ ಹೆಚ್ಚಿನವರು ಕೂಡಿಸಿದ್ದಾರೆ, ಭಾಗಿಸಿಲ್ಲ.

ಬುಡ ನೇರವಾಗಿರಲಿ, ಬದಿಗಳು ಮೇಲಕ್ಕೆ ನಿಧಾನವಾಗಿ ಒಳಬಾಗಿ ಉರುಟು ತುದಿಯಲ್ಲಿ ಸೇರಲಿ. ಮೊನೆಯಾದ ತುದಿಯಲ್ಲಿ ಉಣ್ಣೆ ಗುಂಪಾಗಿ ಗಂಟಾಗುತ್ತದೆ. ಹಾಳೆ ತೀರ ತೆಳುವಾಗಿದ್ದರೆ ಮಡಚಿಕೊಳ್ಳುತ್ತದೆ, ಅದರ ಅಂಚು ಉಣ್ಣೆಯ ಮೇಲಿನಿಂದ ಕೈಗೆ ಸಿಗುವುದೂ ಇಲ್ಲ.

ಹಂತ 5: ಚಿತ್ತಾರದ ತುಂಡುಗಳು

ಟಗರಿನ ಕೊಂಬಿನ ಸುರುಳಿ ಮತ್ತು ಟ್ಯೂಲಿಪ್ ಹೂ ಹಂಗೇರಿಯ ಜಾನಪದ ಅಲಂಕಾರದಲ್ಲಿ ಮತ್ತೆ ಮತ್ತೆ ಕಾಣುವ ಆಕೃತಿಗಳು. ಮಾದರಿಗೆ ಬುಡಾಪೆಸ್ಟಿನ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯದ ಉಡುಪುಗಳನ್ನು ನೋಡುವುದಾದರೆ, ಸೂರ್ ಅಂಗಿಗಳ ಮೇಲಿರುವ ಸೂಕ್ಷ್ಮ ಕಸೂತಿಯನ್ನು ಹಾಗೆಯೇ ತೆಗೆದುಕೊಳ್ಳಬೇಡಿ. ದಾರದಲ್ಲಿ ಬರುವ ಗೆರೆ ಉಣ್ಣೆಯಲ್ಲಿ ಬರುವುದಿಲ್ಲ. ಬೆರಳಿಗಿಂತ ತೆಳುವಾದ ಯಾವ ಸುರುಳಿಯೂ ಕುಗ್ಗಿದ ಮೇಲೆ ಉಳಿಯದು.

ಆಕೃತಿಯನ್ನು ಬಿಡಿ ಉಣ್ಣೆಯಲ್ಲಿ ಬಿಡಿಸಲು ಹೋದರೆ ಅಂಚು ಕಲಸಿಹೋಗುತ್ತದೆ. ಆದ್ದರಿಂದ ಬಣ್ಣದ 15 ಗ್ರಾಂ ಉಣ್ಣೆಯನ್ನು ತೆಳ್ಳಗೆ ಎರಡು ಪದರ ಹಾಸಿ, ಸೋಪು ನೀರು ಹಾಕಿ, ಕೈಯಲ್ಲಿ ಎತ್ತಿದರೆ ಹರಿಯದಷ್ಟು ಮಾತ್ರ ಉಜ್ಜಿ ನಿಲ್ಲಿಸಿ. ಈ ಅರೆಗಟ್ಟಿದ ಹಾಳೆಯಿಂದ ಆಕೃತಿಯನ್ನು ಕತ್ತರಿಸಿ. ಹದದ ಗುರುತು ಹೀಗಿದೆ: ಕತ್ತರಿಸಿದ ಅಂಚಿನಿಂದ ಬೆರಳಿನಲ್ಲಿ ಎಳೆಗಳನ್ನು ಇನ್ನೂ ಕೀಳಲು ಬರಬೇಕು. ಪೂರ್ತಿ ಗಟ್ಟಿಯಾದ ತುಂಡಿನಲ್ಲಿ ಟೋಪಿಯ ಉಣ್ಣೆಯೊಂದಿಗೆ ಬೆರೆಯಲು ಬಿಡುವಿರುವ ಎಳೆಗಳೇ ಇರುವುದಿಲ್ಲ, ಅದು ಕೊನೆಗೆ ಸ್ಟಿಕರಿನಂತೆ ಕಳಚಿ ಬೀಳುತ್ತದೆ.

ಹಂತ 6: ಉಣ್ಣೆ ಹಾಸುವುದು

ಈ ಹಂತಕ್ಕೆ ಕನಿಷ್ಠ ಒಂದು ಗಂಟೆ ಕೊಡಿ. ಫ್ಯಾನ್ ಆರಿಸಿ. 90 ಗ್ರಾಂ ಉಣ್ಣೆಯನ್ನು 15 ಗ್ರಾಮಿನ ಆರು ಪಾಲು ಮಾಡಿ. ಪ್ರತಿ ಬದಿಗೆ ಮೂರು ಪಾಲು. ಹಿಂಜಿದ ಉಣ್ಣೆಯ ಉದ್ದ ಪಟ್ಟಿಯನ್ನು ಒಂದು ಕೈಯಲ್ಲಿ ಸಡಿಲವಾಗಿ ಹಿಡಿದು, ಇನ್ನೊಂದು ಅಂಗೈಯಿಂದ ತುದಿಯನ್ನು ಚಾಪೆಗೆ ಒತ್ತಿ ಎಳೆದರೆ ತೆಳುವಾದ ಒಂದು ಎಸಳು ಉಳಿಯುತ್ತದೆ. ಮನೆಗೆ ಹೆಂಚು ಹೊದಿಸುವಂತೆ, ಪ್ರತಿ ಎಸಳು ಹಿಂದಿನದರ ಮೂರನೆಯ ಒಂದು ಭಾಗವನ್ನು ಮುಚ್ಚುವಂತೆ ಹಾಸುತ್ತಾ ಹೋಗಿ. ಬೆರಳಿನಿಂದ ಕಿತ್ತು ಗುಪ್ಪೆ ಹಾಕಿದ ಉಣ್ಣೆಯಿಂದ ಸಮನಾದ ಬಟ್ಟೆ ಬರುವುದಿಲ್ಲ.

ಮೊದಲ ಬದಿಯ ಮೊದಲ ಪದರವನ್ನು ಪಡಿಯಚ್ಚಿನ ಅಂಚಿನಿಂದ 2 ಸೆಂಟಿಮೀಟರ್ ಹೊರಚಾಚುವಂತೆ ಹಾಸಿ. ಬುಡದ ನೇರ ಅಂಚಿನಲ್ಲಿ ಮಾತ್ರ ಹೊರಚಾಚಬಾರದು, ಅದು ಟೋಪಿಯ ಬಾಯಿ. ಹೊರಚಾಚಿದ ಭಾಗ ಜೇಡರ ಬಲೆಯಷ್ಟು ತೆಳುವಾಗಿರಲಿ. ಬಲೆಬಟ್ಟೆ ಹೊದಿಸಿ, ಬೆಚ್ಚಗಿನ ಸೋಪು ನೀರು ಚಿಮುಕಿಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಗಾಳಿ ಹೊರಡಿಸಿ. ಬಲೆ ತೆಗೆದು, ಇಡೀ ಸರಂಜಾಮನ್ನು ಮಗುಚಿ, ಹೊರಚಾಚಿದ ಒದ್ದೆ ಅಂಚನ್ನು ಪಡಿಯಚ್ಚಿನ ಮೇಲೆ ಬಿಗಿಯಾಗಿ ಮಡಚಿ. ಮಡಿಕೆಯಲ್ಲಿ ನೆರಿಗೆ ಬಿದ್ದರೆ ಬೆರಳಿನಿಂದ ಬಿಡಿಸಿ ಸಮಮಾಡಿ.

ಈಗ ಎರಡನೆಯ ಬದಿಗೆ ಒಂದು ಪಾಲು. ಇಲ್ಲಿ 2 ಸೆಂಟಿಮೀಟರ್ ಹೊರಚಾಚಿಸಬೇಡಿ, ಅಂಚನ್ನು ದಾಟಿದಂತಾಗಿ 1 ಸೆಂಟಿಮೀಟರ್ ಸಾಕು. ಮುಂದಿನ ಪದರದಲ್ಲಿ ಇದನ್ನು ಅದಲುಬದಲು ಮಾಡಿ. ಏಣು ಏಳುವುದು ಇಲ್ಲಿಯೇ: ಎರಡೂ ಬದಿಯಿಂದ, ಮೂರೂ ಪದರದಲ್ಲಿ, ಒಂದೇ ಅಳತೆಯ ಮಡಿಕೆ ಬಿದ್ದರೆ ಅಂಚಿನಲ್ಲಿ ಉಳಿದ ಕಡೆಗಿಂತ ಎರಡರಷ್ಟು ಉಣ್ಣೆ ಸೇರುತ್ತದೆ. ಹಾಗೆಂದು ಏಣಿಗೆ ಹೆದರಿ ಹೊರಚಾಚನ್ನೇ ಬಿಟ್ಟರೆ, ಎರಡು ಬದಿಗಳು ಕೂಡದೆ ಅಂಚಿನುದ್ದಕ್ಕೂ ಸೀಳು ಬಿಡುತ್ತದೆ.

ಎರಡನೆಯ ಪದರದ ಎಳೆಗಳು ಮೊದಲನೆಯದಕ್ಕೆ ಅಡ್ಡವಾಗಿರಬೇಕು, ಮೂರನೆಯದು ಮತ್ತೆ ಮೊದಲಿನಂತೆ. ಆರು ಪಾಲು ಮುಗಿದ ಮೇಲೆ ಅಂಗೈಯನ್ನು ಚಪ್ಪಟೆಯಾಗಿಟ್ಟು ಇಡೀ ಮೇಲ್ಮೈಯನ್ನು ತಡವಿ ನೋಡಿ. ಕಣ್ಣಿಗಿಂತ ಕೈ ಇಲ್ಲಿ ಹೆಚ್ಚು ನಂಬಿಗಸ್ತ. ತಗ್ಗು ಸಿಕ್ಕಿದಲ್ಲಿ ಈಗಲೇ ತೆಳ್ಳನೆಯ ಎಸಳು ಹಾಕಿ. ಉಜ್ಜಿದ ಮೇಲೆ, ಕೆಳಗಿನ ಎಳೆಗಳನ್ನು ಕೆದರಿ ಎಬ್ಬಿಸದೆ ಹಾಕಿದ ತೇಪೆ ಹಿಡಿಯುವುದಿಲ್ಲ.

ಚಿತ್ತಾರದ ತುಂಡುಗಳನ್ನು ಎಲ್ಲಕ್ಕಿಂತ ಮೇಲೆ, ಉಜ್ಜಲು ತೊಡಗುವ ಮುನ್ನ ಇಡಿ. ನೆಲಹಾಸು ಮಾಡುವವರು ಆಕೃತಿಯನ್ನು ಮೊದಲು ಚಾಪೆಯ ಮೇಲೆ ಬೋರಲಾಗಿಟ್ಟು ಅದರ ಮೇಲೆ ಉಣ್ಣೆ ಹಾಸುತ್ತಾರೆ. ಅದನ್ನು ನೋಡಿದವರು ಟೋಪಿಗೂ ಹಾಗೆಯೇ ಮಾಡಿ, ಚಿತ್ತಾರವನ್ನು ಟೋಪಿಯ ಒಳಗೆ ಕಳೆದುಕೊಂಡ ಉದಾಹರಣೆಗಳಿವೆ.

ಹಂತ 7: ನೀರು ಮತ್ತು ಮೊದಲ ಉಜ್ಜು

ಬಲೆ ಹೊದಿಸಿ, 40 ಡಿಗ್ರಿ ಆಸುಪಾಸಿನ ಸೋಪು ನೀರನ್ನು ಇಡೀ ಉಣ್ಣೆ ತೊಯ್ಯುವಷ್ಟು ಹಾಕಿ. ಒತ್ತಿದಾಗ ಬೆರಳಿನ ಸುತ್ತ ನೀರು ಸ್ವಲ್ಪ ಒಸರಬೇಕು, ಕೆರೆಯಂತೆ ನಿಲ್ಲಬಾರದು. ನೀರು ಹೆಚ್ಚಾದರೆ ಎಳೆಗಳು ತೇಲಿ ದೂರವಾಗುತ್ತವೆ, ನೊರೆ ಹೆಚ್ಚಾದರೆ ನಡುವೆ ದಿಂಬಿನಂತೆ ಕೂರುತ್ತದೆ. ಎರಡಕ್ಕೂ ಮದ್ದು ಒಂದೇ, ಒಣ ಟವೆಲಿನಿಂದ ಹೀರಿಸುವುದು.

ಕೈಗೆ ಸೋಪು ಸವರಿಕೊಂಡು, ಮೊದಲ ಐದು ನಿಮಿಷ ಮಗುವಿನ ಬೆನ್ನು ಸವರುವಷ್ಟು ಮೆಲ್ಲಗೆ, ಸಣ್ಣ ವೃತ್ತಗಳಲ್ಲಿ ತಿಕ್ಕಿ. ಅವಸರದ ಉಜ್ಜುವಿಕೆಯಿಂದ ಹೊರ ಪದರ ಮಾತ್ರ ಬೇಗ ಜಡೆಗಟ್ಟಿ, ಒಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಈರುಳ್ಳಿಯಂತೆ ಬಿಚ್ಚಿಕೊಳ್ಳುವ ಟೋಪಿ ಹುಟ್ಟುವುದು ಹೀಗೆ. ಎರಡೂ ಬದಿಗೆ ತಲಾ 15 ನಿಮಿಷ ಕೊಡಿ, ಒತ್ತಡವನ್ನು ನಿಧಾನವಾಗಿ ಏರಿಸಿ. ಅಂಚುಗಳನ್ನು ಯಾವಾಗಲೂ ಹೊರಗಿನಿಂದ ಒಳಗೆ ಉಜ್ಜಬೇಕು. ಒಳಗಿನಿಂದ ಹೊರಕ್ಕೆ ಉಜ್ಜಿದರೆ ಉಣ್ಣೆ ಪಡಿಯಚ್ಚನ್ನು ಬಿಟ್ಟು ಜಾರಿ, ಕಿವಿಯಂತೆ ಜೋತುಬೀಳುತ್ತದೆ. ಎರಡು ನಿಮಿಷಕ್ಕೊಮ್ಮೆ ಬಲೆಯನ್ನು ಎತ್ತಿಬಿಡಿ, ಇಲ್ಲವಾದರೆ ಎಳೆಗಳು ಬಲೆಯ ಕಣ್ಣುಗಳೊಳಗೆ ತೂರಿ ಅದನ್ನೂ ಸೇರಿಸಿಕೊಳ್ಳುತ್ತವೆ.

ಮುಂದಿನ ಹಂತಕ್ಕೆ ಹೋಗಬಹುದೇ ಎಂದು ಗಡಿಯಾರ ಹೇಳುವುದಿಲ್ಲ, ಚಿವುಟು ಹೇಳುತ್ತದೆ. ಎರಡು ಬೆರಳಿನಿಂದ ಮೇಲ್ಮೈಯನ್ನು ಚಿವುಟಿ ಎತ್ತಿ. ಒಂಟಿ ಎಳೆಗಳು ಬಂದರೆ ಇನ್ನೂ ಉಜ್ಜಬೇಕು. ಚರ್ಮ ಚಿವುಟಿದಂತೆ ಇಡೀ ಬಟ್ಟೆಯೇ ಎದ್ದರೆ ಹದ. ಅಂಚಿನಲ್ಲಿ, ತುದಿಯಲ್ಲಿ, ಚಿತ್ತಾರದ ಮೇಲೆ, ಹೀಗೆ ಐದಾರು ಕಡೆ ಚಿವುಟಿ ನೋಡದೆ ಮುಂದುವರಿಯಬೇಡಿ.

ಹಂತ 8: ಚಾಪೆಯಲ್ಲಿ ಉರುಳಿಸುವುದು

ಟೋಪಿಯನ್ನು ಪಡಿಯಚ್ಚಿನ ಸಮೇತ ಚಾಪೆಯ ಮೇಲಿಟ್ಟು, ಕೋಲಿನ ಸುತ್ತ ಬಿಗಿಯಾಗಿ ಸುತ್ತಿ, ಎರಡು ಕಡೆ ದಾರ ಕಟ್ಟಿ, ಬೆರಳ ತುದಿಯಿಂದ ಮೊಣಕೈವರೆಗೆ ಹಿಂದೆ ಮುಂದೆ 50 ಸಲ ಉರುಳಿಸಿ. ಬಿಚ್ಚಿ, ನೆರಿಗೆ ಬಿಡಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ 50. ನಾಲ್ಕು ದಿಕ್ಕು ಮುಗಿದ ಮೇಲೆ ಮಗುಚಿ ಅದನ್ನೇ ಪುನರಾವರ್ತಿಸಿ. ಉಣ್ಣೆ ಯಾವ ದಿಕ್ಕಿಗೆ ಉರುಳುತ್ತದೋ ಆ ದಿಕ್ಕಿಗೆ ಹೆಚ್ಚು ಕುಗ್ಗುವುದರಿಂದ, ತಿರುಗಿಸಲು ಮರೆತವರ ಟೋಪಿ ಗಿಡ್ಡವಾಗಿ ಅಗಲವಾಗುತ್ತದೆ, ಇಲ್ಲವೇ ಕೊಳವೆಯಂತಾಗುತ್ತದೆ.

ಒಳಗಿನ ಪಡಿಯಚ್ಚಿಗೆ ಜಾಗ ಸಾಲದೆ ಅದು ಬಾಗಿ ಉಬ್ಬಿ ಏಳುವುದೇ ಅದನ್ನು ತೆಗೆಯಬೇಕೆಂಬ ಗುರುತು. ತಡಮಾಡಿದರೆ ಪಡಿಯಚ್ಚಿನ ಅಂಚಿನ ಗೆರೆ ಉಣ್ಣೆಯಲ್ಲಿ ಶಾಶ್ವತವಾಗಿ ಅಚ್ಚೊತ್ತುತ್ತದೆ. ಪಡಿಯಚ್ಚನ್ನು ಹೊರಗೆಳೆದ ಕೂಡಲೇ ಒಂದು ಕೈಯನ್ನು ಟೋಪಿಯ ಒಳಗೆ ಹಾಕಿ, ಅಂಚಿದ್ದ ಗೆರೆಯನ್ನು ಹೊರಗಿನಿಂದ ಇನ್ನೊಂದು ಕೈಯಲ್ಲಿ ಹತ್ತು ನಿಮಿಷ ಸೋಪು ಹಚ್ಚಿ ತಿಕ್ಕಿ. ಅಲ್ಪಸ್ವಲ್ಪ ಏಣು ಇದ್ದರೆ ಅದನ್ನು ಅಳಿಸಲು ಇದೇ ಕೊನೆಯ ಅವಕಾಶ. ಆಮೇಲೆ ಟೋಪಿಯನ್ನು ಕಾಲು ಸುತ್ತು ತಿರುಗಿಸಿ ಮಲಗಿಸಿ. ಅಂದರೆ ಮೊದಲು ಅಂಚಾಗಿದ್ದದ್ದು ಈಗ ನಡುವಿಗೆ ಬರಬೇಕು. ಉಳಿದ ಉರುಳಿಕೆಯನ್ನು ಹಾಗೆಯೇ ಮುಂದುವರಿಸಿ.

ಹಂತ 9: ನಾದಿ ಕುಗ್ಗಿಸುವುದು

ಈಗ ಕೈ ತಡೆಯುವಷ್ಟು ಬಿಸಿನೀರು, ಸೋಪು ಕಡಿಮೆ. ಟೋಪಿಯನ್ನು ಚಪಾತಿ ಹಿಟ್ಟಿನಂತೆ ನಾದಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೊದಲು ಒಂದಡಿ ಎತ್ತರದಿಂದ, ಆಮೇಲೆ ಜೋರಾಗಿ ಒಗೆಯಿರಿ. ಹತ್ತು ಸಲಕ್ಕೊಮ್ಮೆ ಬಿಡಿಸಿ, ಕೊಡವಿ, ಒಳಹೊರಗು ಮಾಡಿ. ಬಿಡಿಸದೆ ಒಗೆಯುತ್ತಾ ಹೋದರೆ ಮಡಿಕೆಗಳು ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ.

ಟೇಪನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಕುಗ್ಗುವಿಕೆ ಇಲ್ಲಿಯವರೆಗೆ ಆಮೆಯಂತೆ ಸಾಗಿ, ಈ ಹಂತದಲ್ಲಿ ಇದ್ದಕ್ಕಿದ್ದಂತೆ ಓಡತೊಡಗುತ್ತದೆ. ಬೇಕಾದ ಅಳತೆಗಿಂತ 2 ಸೆಂಟಿಮೀಟರ್ ದೊಡ್ಡದಿರುವಾಗಲೇ ಒಗೆಯುವುದನ್ನು ನಿಲ್ಲಿಸಿ, ಉಳಿದದ್ದನ್ನು ಅಂಗೈಯಲ್ಲಿ ತಿಕ್ಕಿ ತನ್ನಿ. ಒಂದು ಬದಿ ಮಾತ್ರ ಉದ್ದವಾಗಿದ್ದರೆ ಆ ಭಾಗವನ್ನಷ್ಟೇ ಬಿಸಿನೀರಿಗೆ ಅದ್ದಿ ಉಜ್ಜಿ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಕಾಳಿನಂಥ ಹರಳು ಕಾಣಿಸಿಕೊಂಡು, ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದಾಗ ಹಿಗ್ಗದಿದ್ದರೆ ಅದು ಮುಗಿದ ನೆಮೆಜ್. ಅಳತೆ ಬಂದಿದೆ, ಆದರೆ ಬಟ್ಟೆ ಇನ್ನೂ ಮೆತ್ತಗಿದೆ ಎಂದಾದರೆ ಪಡಿಯಚ್ಚು ಚಿಕ್ಕದಾಗಿತ್ತೆಂದು ಅರ್ಥ. ಅಂಥ ಟೋಪಿಯನ್ನು ಅಲ್ಲಿಯೇ ನಿಲ್ಲಿಸಿದರೆ ತಲೆಗೇನೋ ಹಿಡಿಯುತ್ತದೆ, ತಿಂಗಳೊಳಗೆ ಜೋಲುತ್ತದೆ. ಪೂರ್ತಿ ಗಟ್ಟಿ ಮಾಡಿ ಮನೆಯ ಮಕ್ಕಳಿಗೆ ಕೊಡುವುದು ಮೇಲು.

ಹಂತ 10: ಜಾಲಿಸಿ, ಅಚ್ಚಿಗೇರಿಸುವುದು

ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಕೊನೆಯ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಸೇರಿಸಿ ಹತ್ತು ನಿಮಿಷ ನೆನೆಹಾಕಿ. ಸೋಪಿನ ಕ್ಷಾರ ಉಳಿದರೆ ಉಣ್ಣೆ ವರ್ಷದೊಳಗೆ ಪೆಡಸಾಗುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ, ತಿರುಚಿ ಹಿಂಡಬೇಡಿ.

ಒದ್ದೆ ಟೋಪಿಯನ್ನು ಅಚ್ಚಿನ ಮೇಲೆ ಎಳೆದು ಕೂರಿಸಿ, ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಸವರುತ್ತಾ ಆಕಾರ ಕೊಡಿ. ಶ್ಯುವೆಗ್ ಅಚ್ಚಿಗಿಂತ ಎತ್ತರವಾಗಿರುವುದರಿಂದ ತುದಿಯ ಒಳಗೆ ಒಣ ಬಟ್ಟೆಯನ್ನು ತುರುಕಿ ನಿಲ್ಲಿಸಿ. ಅರ್ಧ ಸೆಂಟಿಮೀಟರಿನವರೆಗೆ ಬಿಗಿಯಾಗಿದ್ದರೆ ಆವಿ ಹಿಡಿದು ಹಿಗ್ಗಿಸಬಹುದು, ಅದಕ್ಕಿಂತ ಹೆಚ್ಚಾದರೆ ಆಗದು. ಬಾಯಿಯ ಅಂಚನ್ನು ಈಗ ಕತ್ತರಿಯಿಂದ ಸಮಮಾಡಿ, ಕತ್ತರಿಸಿದ ಜಾಗಕ್ಕೆ ಬೆರಳಿನಲ್ಲಿ ತುಸು ಸೋಪು ಹಚ್ಚಿ ಐದು ನಿಮಿಷ ತಿಕ್ಕಿ ಮುಚ್ಚಿ, ಆ ಸೋಪನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಎರಡು ದಿನ ಒಣಗಲು ಬಿಡಿ. ಮಳೆಗಾಲದಲ್ಲಿ ನಾಲ್ಕು ದಿನವಾದರೂ ಬೇಕು, ಒಳಗಿನ ಬಟ್ಟೆಯನ್ನು ದಿನಕ್ಕೊಮ್ಮೆ ಬದಲಿಸದಿದ್ದರೆ ಬೂಷ್ಟು ಬರುತ್ತದೆ.

ಆದ ತಪ್ಪುಗಳಲ್ಲಿ ಯಾವುದನ್ನು ಉಳಿಸಬಹುದು

ದೊಡ್ಡದಾಗಿ ಉಳಿದ ಟೋಪಿಯನ್ನು ಯಾವಾಗ ಬೇಕಾದರೂ ಮತ್ತೆ ಬಿಸಿನೀರಿಗೆ ಹಾಕಿ ಕುಗ್ಗಿಸಬಹುದು. ತೂತು ಉರುಳಿಸುವ ಮೊದಲು ಕಂಡರೆ, ಸುತ್ತಲಿನ ಉಣ್ಣೆಯನ್ನು ಬ್ರಷ್ಷಿನಿಂದ ಕೆದರಿ ಎಳೆ ಎಬ್ಬಿಸಿ, ಹೊಸ ಉಣ್ಣೆ ಹಾಕಿ ಹಿಡಿಸಬಹುದು. ನಾದಿದ ಮೇಲೆ ಕಂಡರೆ ಸೂಜಿದಾರವೇ ಗತಿ. ಪದರ ಬಿಟ್ಟ ಟೋಪಿಯನ್ನು ಹೊರಮೈ ಕೆದರಿ ಮತ್ತೆ ಉಜ್ಜಿ ಸರಿಪಡಿಸುತ್ತೇವೆ ಎಂದು ಹಲವರು ಪ್ರಯತ್ನಿಸುತ್ತಾರೆ, ನಾನು ನೋಡಿದಂತೆ ಅದು ಫಲಿಸಿಲ್ಲ. ಗಟ್ಟಿಯಾದ ಏಣನ್ನು ಹರಿತವಾದ ಕತ್ತರಿಯಿಂದ ಮೇಲ್ಪದರ ತೆಗೆದು, ಆ ಜಾಗವನ್ನು ಸೋಪಿನಲ್ಲಿ ತಿಕ್ಕಿ ಮರೆಮಾಡಬಹುದು.

ಹಾಕಿಕೊಳ್ಳಲು ಶುರುಮಾಡಿದ ಮೊದಲ ವಾರದಲ್ಲಿ ಕೆಲವು ಎಳೆಗಳು ಮೇಲೆದ್ದು ಸಣ್ಣ ಉಂಡೆಗಳಾಗುತ್ತವೆ. ಅವನ್ನು ಕೀಳಬೇಡಿ, ಕತ್ತರಿಸಿ. ಕಿತ್ತರೆ ಒಳಗಿನ ಎಳೆಗಳೂ ಜೊತೆಗೆ ಬರುತ್ತವೆ. ಕೊಳೆಯಾದಾಗ ತಣ್ಣೀರಿನಲ್ಲಿ ಅದ್ದಿ ತೆಗೆದರೆ ಸಾಕು. ಬೇಸಿಗೆಯಲ್ಲಿ ಎತ್ತಿಡುವ ಮುನ್ನ ಚೆನ್ನಾಗಿ ಬಿಸಿಲು ಕಾಯಿಸಿ, ನುಸಿಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಜೊತೆಗಿಟ್ಟು ಡಬ್ಬಿಯಲ್ಲಿ ಮುಚ್ಚಿಡಿ.